ಮಾವಿನ ತೋಟದಲ್ಲಿ ಕೊಯ್ಲಾದ ಮೇಲಣ ಕೆಲಸಗಳು

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವೆಲ್ಲಾ ಹರಿಯುವ ನದಿಯಿಲ್ಲ. ಕೆರೆಯ ನೀರು ಹತ್ತದ ಕೆಂಪು ನೆಲದಲ್ಲಿಯೂ ಫಲವನ್ನು ಕೊಡುವ ಮಾವು ಈ ಸೀಮೆಯ ರೈತರಿಗೆ ದೊಡ್ಡ ಆಧಾರವಾಗಿದೆ. ಶ್ರೀನಿವಾಸಪುರವಂತೂ ಮಾವಿನಿಂದಲೇ ಹೆಸರಾಗಿದೆ. ಆದರೆ ಅನೇಕ ತೋಟಗಳು ಒಂದು ವರ್ಷ ಹೇರಳವಾಗಿ ಕಾಯಿ ಕಚ್ಚಿ, ಮರುವರ್ಷ ಬರಿದಾಗಿ ನಿಲ್ಲುವುವು. ಇದೆಲ್ಲವೂ ದೈವಾಧೀನವೆಂದು ಸುಮ್ಮನಿರುವುದು ಸರಿಯಲ್ಲ.

ಕಾರಣ: ಕೊಯ್ಲಾದ ಮೇಲೆ ಮಳೆಗಾಲದಲ್ಲಿ ಚಿಗುರಿ, ಕೆಲವು ತಿಂಗಳು ಬಲಿತ ರೆಂಬೆಗಳ ತುದಿಯಲ್ಲಿಯೇ ಸಾಮಾನ್ಯವಾಗಿ ಹೂವು ಬರುವುದು. ಹೆಚ್ಚಾಗಿ ಫಲಿಸಿ ಬಳಲಿದ ಮರವು ಆ ಕಾಲದಲ್ಲಿ ಚಿಗುರದಿದ್ದರೆ ಮಾಗಿಯಲ್ಲಿ ಹೂವಿಗೆ ಅವಕಾಶವೆಲ್ಲಿ? ಬಾದಾಮಿ ಜಾತಿಯಲ್ಲಿ ಈ ದೋಷವು ಹೆಚ್ಚು. ನೀಲಂ, ತೋತಾಪುರಿಗಳಲ್ಲಿ ಕಡಿಮೆ. ಆದುದರಿಂದ ಮುಂದಿನ ಫಸಲಿಗೆ ಕೊಯ್ಲಾದ ಒಂದೆರಡು ತಿಂಗಳೊಳಗೇ ತಳಹದಿ ಹಾಕಬೇಕು.

ಮಾಡತಕ್ಕ ಕೆಲಸಗಳು: ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಕತ್ತರಿಸಿ, ಮರದ ನಡುವೆ ಬಿಸಿಲು ಗಾಳಿ ಆಡುವಂತೆ ಮಾಡಬೇಕು. ಕತ್ತರಿಸಿದ ಗಾಯಗಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಸರಿಯನ್ನು ಬಳಿಯಬೇಕು. ಬಂದಳಿಕೆಯನ್ನು ಹಣ್ಣಾಗುವ ಮೊದಲೇ, ಅದು ಬೇರೂರಿದ ಕೊಂಬೆಯ ಭಾಗದೊಡನೆ ತೆಗೆಯಬೇಕು. ಬೆಳೆದ ಮರವೊಂದಕ್ಕೆ ಸುಮಾರು 50 ಕಿಲೋ ಕೊಟ್ಟಿಗೆ ಗೊಬ್ಬರವನ್ನು, ಬುಡಕ್ಕೆ ಸುರಿಯದೆ, ಕೊಂಬೆಗಳ ನೆರಳಿನ ಅಂಚಿನಲ್ಲಿ ಸುತ್ತಲೂ ತೋಡಿದ ಪಾತಿಗೆ ಹಾಕಿ ಮುಚ್ಚಬೇಕು. ಆಹಾರವನ್ನು ಹೀರುವ ಎಳೆಯ ಬೇರುಗಳು ಬುಡದಿಂದ ದೂರದಲ್ಲಿರುವುವು. ಉದುರಿದ ಹುಳುಕು ಕಾಯಿಗಳನ್ನು ಆಯ್ದು ಆಳವಾಗಿ ಹೂಳದಿದ್ದರೆ ಹಣ್ಣಿನ ನೊಣವು ಅವುಗಳಲ್ಲಿಯೇ ವೃದ್ಧಿಯಾಗುವುದು. ಫಲ ಕೊಡುವ ಮರಗಳಿಗೆ ಹೂ ಬಿಡುವುದಕ್ಕೆ ಎರಡು ಮೂರು ತಿಂಗಳು ಮುಂಚಿನಿಂದ ನೀರು ಕಟ್ಟಕೂಡದು. ಕಟ್ಟಿದರೆ ಹೂವಿಗೆ ಬದಲಾಗಿ ಚಿಗುರು ಬರುವ ಸಂಭವವುಂಟು.

ಇಷ್ಟನ್ನು ಬಲ್ಲವರ ತೋಟಗಳೂ ಕೆಡುವುದಕ್ಕೆ ಗುತ್ತಿಗೆಯ ಕ್ರಮವೇ ಮುಖ್ಯ ಕಾರಣ. ಹೂವಿನಲ್ಲಿಯೇ ತೋಟವನ್ನು ಕೊಂಡ ವ್ಯಾಪಾರಿಗೆ ಈ ವರ್ಷದ ಕಾಯಿಯ ಮೇಲೆ ಮಾತ್ರ ಕಣ್ಣು. ಮುಂಗಡ ಪಡೆದ ಒಡೆಯನು ಮರದ ಕಡೆ ತಿರುಗಿ ನೋಡನು. ಕಾಯನ್ನು ಕೋಲಿನಿಂದ ಬಡಿದು ಕೆಡಹಿದಾಗ ರೆಂಬೆಗಳು ಮುರಿದು ನಷ್ಟವು ಒಡೆಯನಿಗೇ ತಗಲುವುದು. ಬಲೆ ಕಟ್ಟಿದ ದೋಟಿಯಿಂದ ತೊಟ್ಟಿನೊಡನೆ ಕೊಯ್ಯಬೇಕೆಂದೂ, ಕೊಯ್ಲು ಮುಗಿದೊಡನೆ ತೋಟವನ್ನು ಒಡೆಯನ ವಶಕ್ಕೆ ಬಿಡಬೇಕೆಂದೂ ಕರಾರಿನಲ್ಲಿ ಬರೆಯಿಸಿಕೊಳ್ಳುವುದು ಕ್ಷೇಮ.

ಹೊಸದಾಗಿ ತೋಟ ಹಾಕುವವರು ಒಂದೇ ಜಾತಿಯನ್ನು ನಂಬಬಾರದು. 2025ನೆಯ ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲೆಯಲ್ಲಿ ಹೊರರಾಜ್ಯದ ತೋತಾಪುರಿಯನ್ನು ತಡೆದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳನ್ನು ನೆಚ್ಚಿದ್ದ ನಮ್ಮ ಬೆಳೆಗಾರರು ಪಟ್ಟ ಕಷ್ಟವು ಎಲ್ಲರಿಗೂ ತಿಳಿದೇ ಇದೆ. ಬಾದಾಮಿ, ರಸಪುರಿ, ಮಲ್ಲಿಕಾ ಮೊದಲಾದುವನ್ನೂ ಬೆರಸಿ ನೆಟ್ಟರೆ ಒಂದರ ಬೆಲೆ ಕುಸಿದರೂ ಇನ್ನೊಂದು ಕೈ ಹಿಡಿದೀತು.

ಗ್ರಾಮದ ಮುಖಂಡರು ಈ ವರ್ಷ ತಮ್ಮ ತೋಟದ ಹತ್ತು ಮರಗಳಿಗಾದರೂ ಈ ಕ್ರಮವನ್ನು ಅನುಸರಿಸಿ, ನೆರೆಹೊರೆಯ ಸಣ್ಣ ಹಿಡುವಳಿದಾರರಿಗೆ ತೋರಿಸಿಕೊಡಬೇಕು. ನೂರು ಮಾತಿಗಿಂತ ಕಣ್ಣೆದುರಿಗೆ ಹೂ ಬಿಟ್ಟ ಮರವೊಂದೇ ರೈತನಿಗೆ ಹೆಚ್ಚು ನಂಬಿಕೆಯನ್ನು ತರುವುದು.