ಹುಲ್ಲುಗಾವಲು ಪಾಳುಭೂಮಿಯಲ್ಲ

ಹುಲಿಗಾಗಿ ಮಿಡಿಯುವ ನಮ್ಮ ಮನಸ್ಸು ಹುಲ್ಲಿಗಾಗಿ ಮಿಡಿಯುವುದಿಲ್ಲ. ಈ ಅಸಡ್ಡೆಗೆ ದೊಡ್ಡ ಬೆಲೆ ತೆರುತ್ತಿರುವುದು ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ನಮ್ಮ ಎರೆಸೀಮೆಯ ಎರೆಭೂತ. ಒಂದು ಮೀಟರಿನಷ್ಟು ಎತ್ತರದ ಈ ಹಕ್ಕಿ ಬಯಲಿನಲ್ಲೇ ಮೇಯುತ್ತದೆ, ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. 1969ರಲ್ಲಿ ದೇಶದಲ್ಲಿ ಸುಮಾರು 1,260 ಹಕ್ಕಿಗಳಿದ್ದವೆಂಬ ಅಂದಾಜಿತ್ತು. ಐವತ್ತು ವರ್ಷಗಳಲ್ಲಿ ಆ ಸಂಖ್ಯೆ 150ರ ಆಸುಪಾಸಿಗೆ ಕುಸಿಯಿತು. 2011ರಿಂದ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ಬೇಟೆಯೊಂದೇ ಇದಕ್ಕೆ ಕಾರಣವಲ್ಲ. ನಾವು ಸತ್ಕಾರ್ಯವೆಂದು ನಂಬಿ ಮಾಡಿದ ಕೆಲಸಗಳೂ ಈ ಹಕ್ಕಿಗೆ ಮುಳುವಾಗಿವೆ. ರಾಣೆಬೆನ್ನೂರಿನ ಬಯಲು ಒಮ್ಮೆ ಕೃಷ್ಣಮೃಗಗಳ ಜೊತೆಗೆ ಎರೆಭೂತದ ನೆಲೆಯೂ ಆಗಿತ್ತು. ಹಸಿರೀಕರಣದ ಹೆಸರಿನಲ್ಲಿ ಅಲ್ಲಿ ನೀಲಗಿರಿ ನೆಡಲಾಯಿತು. ಕೃಷ್ಣಮೃಗ ಉಳಿಯಿತು, ಹಕ್ಕಿ ಕಣ್ಮರೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ರಾಜ್ಯದಲ್ಲಿ ಅದು ಕಾಣಿಸಿಕೊಂಡಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು.

ಈಗ ದೇಶದ ಬಹುಪಾಲು ಎರೆಭೂತಗಳಿರುವುದು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ. ಅಲ್ಲಿ ಸೌರ ಮತ್ತು ಪವನ ವಿದ್ಯುತ್ತಿನ ತಂತಿಗಳು ಆಕಾಶವನ್ನು ಸೀಳಿವೆ. ಈ ಹಕ್ಕಿಗೆ ನೇರ ಮುಂದಿನ ನೋಟ ಕಿರಿದು, ದೇಹ ಭಾರ. ತಂತಿ ಕಂಡರೂ ಥಟ್ಟನೆ ದಿಕ್ಕು ಬದಲಿಸಲಾಗದೆ ಬಡಿದು ಸಾಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಒಯ್ಯಲು ಆದೇಶಿಸಿತು. 2024ರಲ್ಲಿ ಅದೇ ನ್ಯಾಯಾಲಯ ಹವಾಮಾನ ಬದಲಾವಣೆಯ ಹೊಣೆಯನ್ನೂ ತೂಗಿ, ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ರಚಿಸಿತು.

ನಾನು ಸೌರಶಕ್ತಿಯ ವಿರೋಧಿಯಲ್ಲ. ಕಲ್ಲಿದ್ದಲಿನ ಹೊಗೆಗಿಂತ ಸೂರ್ಯನ ಬೆಳಕು ಮೇಲೆಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರು ಇರುವುದು ಹುಲ್ಲಿನ ಬಯಲನ್ನು ಪಾಳು, ಬಂಜರು ಎಂದು ಕರೆದು ಯಾರಿಗೆ ಬೇಕಾದರೂ ಕೊಡುವ ನಮ್ಮ ದೃಷ್ಟಿಯ ಬಗ್ಗೆ. ಕುರಿಗಾಹಿಗೆ ಮೇವು ಕೊಡುವ, ಹಕ್ಕಿಗೆ ಗೂಡಾಗುವ ನೆಲ ಪಾಳು ಹೇಗಾದೀತು?

ಜೈಸಲ್ಮೇರ್ ಜಿಲ್ಲೆಯ ಸಂತಾನಾಭಿವೃದ್ಧಿ ಕೇಂದ್ರಗಳಲ್ಲಿ ಮರಿಗಳು ಬೆಳೆಯುತ್ತಿವೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿಯೊಂದು ಹುಟ್ಟಿತು. ಇದು ಸ್ತುತ್ಯರ್ಹ ಸಾಧನೆ. ಆದರೆ ನಾಳೆ ಅವುಗಳನ್ನು ಬಿಡಲು ತಂತಿಯಿಲ್ಲದ, ನಾಯಿಗಳ ಕಾಟವಿಲ್ಲದ, ನೀಲಗಿರಿ ನೆಡದ ಬಯಲು ಬೇಕಲ್ಲವೇ? ಉಳಿದ ಹುಲ್ಲುಗಾವಲುಗಳನ್ನು ಸರ್ಕಾರಿ ದಾಖಲೆಗಳಲ್ಲಿ ಹುಲ್ಲುಗಾವಲೆಂದೇ ನಮೂದಿಸಿ ಕಾಯ್ದುಕೊಳ್ಳುವುದು ತುರ್ತಾಗಿ ಆಗಬೇಕಾದ ಕೆಲಸ. ಸಿರುಗುಪ್ಪದಿಂದಲೇ ಅದು ಆರಂಭವಾಗಲಿ.