ಮನೆಯಂಗಳದಲ್ಲೇ ಸೋತ ಸೆನೆಟರ್

2012ರ ಮೇ 8ರಂದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಒಂದು ಮತದಾನ ನಡೆಯಿತು. ಅದು ಸೆನೆಟ್ ಚುನಾವಣೆಯಾಗಿರಲಿಲ್ಲ. ನವೆಂಬರಿನಲ್ಲಿ ನಡೆಯಲಿದ್ದ ಸೆನೆಟ್ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ತೀರ್ಮಾನಿಸುವ ಮತದಾನ ಅದು. ಮೂವತ್ತೈದು ವರ್ಷಗಳಿಂದ ಆ ರಾಜ್ಯವನ್ನು ಸೆನೆಟ್‌ನಲ್ಲಿ ಪ್ರತಿನಿಧಿಸುತ್ತಿದ್ದ, ಎಂಬತ್ತು ವರ್ಷ ಪ್ರಾಯದ ರಿಚರ್ಡ್ ಲೂಗರ್ ಅವರು ಆ ದಿನ ತಮ್ಮ ಪಕ್ಷದವರಿಂದಲೇ ತಿರಸ್ಕೃತರಾದರು. ಆರು ವರ್ಷಗಳ ಹಿಂದೆ, 2006ರಲ್ಲಿ, ಅವರ ವಿರುದ್ಧ ಡೆಮಾಕ್ರಟಿಕ್ ಪಕ್ಷವು ಅಭ್ಯರ್ಥಿಯನ್ನೇ ನಿಲ್ಲಿಸಿರಲಿಲ್ಲ. ಆಗ ಅವರು ಶೇಕಡಾ 87ರಷ್ಟು ಮತ ಗಳಿಸಿದ್ದರು. ಎದುರಾಳಿಗಳೂ ಎದುರಿಸಲು ಹಿಂಜರಿಯುತ್ತಿದ್ದ ನಾಯಕರೊಬ್ಬರು ಒಂದೇ ಅವಧಿಯೊಳಗೆ ಸ್ವಪಕ್ಷದವರಿಗೆ ಬೇಡವಾದದ್ದು ಹೇಗೆ ಎಂಬುದು ಪ್ರಜಾಪ್ರಭುತ್ವದ ನಡೆಯನ್ನು ತಿಳಿಯಬಯಸುವ ಎಲ್ಲರಿಗೂ ಪಾಠವಾಗಬಲ್ಲ ಸಂಗತಿ.

ಪ್ರಾಥಮಿಕ ಚುನಾವಣೆ ಎಂದರೇನು?

ನಮ್ಮ ದೇಶದಲ್ಲಿ ಒಂದು ಪಕ್ಷದ ಅಭ್ಯರ್ಥಿ ಯಾರೆಂದು ನಿರ್ಧರಿಸುವುದು ಆ ಪಕ್ಷದ ವರಿಷ್ಠರು. ಅದನ್ನೇ ಜನ ‘ಟಿಕೆಟ್ ಕೊಡುವುದು’ ಎನ್ನುತ್ತಾರೆ. ಅಮೆರಿಕದಲ್ಲಿ ಬಹುಮಟ್ಟಿಗೆ ಈ ಟಿಕೆಟನ್ನು ಕೊಡುವವರು ಮತದಾರರೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಪಕ್ಷದ ಕೆಲವೇ ಧಣಿಗಳು ಮುಚ್ಚಿದ ಕೋಣೆಯೊಳಗೆ ಅಭ್ಯರ್ಥಿಗಳನ್ನು ಆರಿಸುತ್ತಿದ್ದ ಪದ್ಧತಿಯ ವಿರುದ್ಧ ಅಲ್ಲಿ ಸುಧಾರಣಾ ಚಳವಳಿಯೊಂದು ಎದ್ದಿತು. ವಿಸ್ಕಾನ್ಸಿನ್ ರಾಜ್ಯದ ಗವರ್ನರ್ ರಾಬರ್ಟ್ ಲಾಫಾಲೆಟ್ ಮುಂತಾದವರ ಪ್ರಯತ್ನದಿಂದ ಅಭ್ಯರ್ಥಿಯ ಆಯ್ಕೆಯನ್ನೂ ಮತದಾರರ ಕೈಗೆ ಒಪ್ಪಿಸುವ ಕಾನೂನುಗಳು ಬಂದವು. ಇದೇ ‘ಪ್ರೈಮರಿ’, ಅಂದರೆ ಪ್ರಾಥಮಿಕ ಚುನಾವಣೆ.

ಸೆನೆಟ್ ಎಂಬುದು ಅಲ್ಲಿನ ಸಂಸತ್ತಿನ ಮೇಲ್ಮನೆ. ರಾಜ್ಯ ದೊಡ್ಡದಿರಲಿ, ಚಿಕ್ಕದಿರಲಿ, ತಲಾ ಇಬ್ಬರಂತೆ ಒಟ್ಟು 100 ಸದಸ್ಯರು. ಅವಧಿ ಆರು ವರ್ಷ. ಮೊದಲು ಸೆನೆಟರುಗಳನ್ನು, ನಮ್ಮ ರಾಜ್ಯಸಭೆಯ ಸದಸ್ಯರಂತೆ, ಆಯಾ ರಾಜ್ಯದ ಶಾಸಕರೇ ಆರಿಸುತ್ತಿದ್ದರು. 1913ರಲ್ಲಿ ಸಂವಿಧಾನಕ್ಕೆ ತಂದ ಹದಿನೇಳನೆಯ ತಿದ್ದುಪಡಿಯಿಂದ ಜನರು ನೇರವಾಗಿ ಆರಿಸುವ ಕ್ರಮ ಜಾರಿಗೆ ಬಂತು. ಹೀಗಾಗಿ ಸೆನೆಟರ್ ಆಗಬೇಕೆನ್ನುವವರು ಎರಡು ಬಾಗಿಲುಗಳನ್ನು ದಾಟಬೇಕು: ಮೊದಲನೆಯದು ತಮ್ಮ ಪಕ್ಷದ ಮತದಾರರ ಬಾಗಿಲು, ಎರಡನೆಯದು ಇಡೀ ರಾಜ್ಯದ ಮತದಾರರ ಬಾಗಿಲು. ಲೂಗರ್ ಅವರು ಎಡವಿದ್ದು ಮೊದಲನೆಯ ಬಾಗಿಲಲ್ಲಿ.

ಶಾಲಾ ಮಂಡಳಿಯಿಂದ ಸೆನೆಟ್‌ವರೆಗೆ

1932ರಲ್ಲಿ ಇಂಡಿಯಾನಾದ ರಾಜಧಾನಿ ಇಂಡಿಯಾನಾಪೊಲಿಸ್‌ನಲ್ಲಿ ಜನಿಸಿದ ಲೂಗರ್, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದಿದವರು, ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದವರು. ಅವರ ಸಾರ್ವಜನಿಕ ಜೀವನ ಆರಂಭವಾದದ್ದು ಊರಿನ ಶಾಲಾ ಮಂಡಳಿಯ ಸದಸ್ಯತ್ವದಿಂದ. 1968ರಿಂದ ಎಂಟು ವರ್ಷ ನಗರದ ಮೇಯರ್ ಆಗಿದ್ದು, ನಗರವನ್ನೂ ಸುತ್ತಲಿನ ಮೇರಿಯನ್ ಕೌಂಟಿಯನ್ನೂ ಒಂದೇ ಆಡಳಿತದಡಿ ತಂದರು. 1974ರಲ್ಲಿ ಸೆನೆಟ್‌ಗೆ ಸ್ಪರ್ಧಿಸಿ ಸೋತರು, 1976ರಲ್ಲಿ ಗೆದ್ದರು. ಆ ಗೆಲುವೂ ಸೇರಿ ಸತತವಾಗಿ ಆರು ಬಾರಿ ಆಯ್ಕೆಯಾದ ದಾಖಲೆ ಅವರದಾಯಿತು.

ಸೆನೆಟ್‌ನಲ್ಲಿ ಅವರು ಆರಿಸಿಕೊಂಡ ಕ್ಷೇತ್ರ ವಿದೇಶಾಂಗ ವ್ಯವಹಾರ. ಆ ಸಮಿತಿಯ ಅಧ್ಯಕ್ಷತೆಯನ್ನು ಎರಡು ಬಾರಿ ವಹಿಸಿದರು. 1986ರಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ಮೇಲೆ ನಿರ್ಬಂಧ ಹೇರುವ ಮಸೂದೆಯನ್ನು ಅಧ್ಯಕ್ಷ ರೇಗನ್ ತಿರಸ್ಕರಿಸಿದಾಗ, ತಮ್ಮದೇ ಪಕ್ಷದ ಅಧ್ಯಕ್ಷರ ನಿಲುವನ್ನು ಮೀರಿ ಅದು ಕಾನೂನಾಗುವಂತೆ ಮುಂದೆ ನಿಂತವರಲ್ಲಿ ಲೂಗರ್ ಪ್ರಮುಖರು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಾಗ ಅಲ್ಲಿನ ಅಣ್ವಸ್ತ್ರಗಳು ಯಾರ ಕೈ ಸೇರುವುವೋ ಎಂಬ ಭೀತಿ ಜಗತ್ತನ್ನು ಕಾಡಿತ್ತು. ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಸ್ಯಾಮ್ ನನ್ ಅವರೊಂದಿಗೆ ಸೇರಿ ಲೂಗರ್ ರೂಪಿಸಿದ ಕಾರ್ಯಕ್ರಮದಿಂದ 7,500ಕ್ಕೂ ಹೆಚ್ಚು ಅಣ್ವಸ್ತ್ರ ಸಿಡಿತಲೆಗಳು ನಿಷ್ಕ್ರಿಯಗೊಂಡವು. ಉಕ್ರೇನ್, ಕಜಕಸ್ತಾನ್ ಮತ್ತು ಬೆಲಾರುಸ್ ಅಣ್ವಸ್ತ್ರಮುಕ್ತವಾದವು.

ಭಾರತಕ್ಕೂ ಅವರ ಹೆಸರಿಗೂ ನಂಟುಂಟು. ಭಾರತದೊಂದಿಗೆ ನಾಗರಿಕ ಅಣುಶಕ್ತಿ ಸಹಕಾರಕ್ಕೆ ದಾರಿ ತೆರೆದ 2006ರ ಕಾನೂನಿನ ಮಸೂದೆಯನ್ನು ಸೆನೆಟ್‌ನಲ್ಲಿ ಮುನ್ನಡೆಸಿದವರು ಸಮಿತಿಯ ಅಧ್ಯಕ್ಷರಾಗಿದ್ದ ಲೂಗರ್ ಅವರೇ. ಎರಡೂ ಪಕ್ಷಗಳ ಬೆಂಬಲದಿಂದ 85–12 ಮತಗಳ ಅಂತರದಲ್ಲಿ ಅದು ಅಂಗೀಕಾರವಾಯಿತು.

ಅಸಮಾಧಾನದ ಬೇರುಗಳು

ಹೊರಗಿನವರ ಕಣ್ಣಿಗೆ ಹಿರಿಮೆಯೆನಿಸಿದ್ದೇ ಊರಿನ ಅನೇಕ ರಿಪಬ್ಲಿಕನ್ ಮತದಾರರ ಕಣ್ಣಿಗೆ ದೋಷವಾಗಿ ಕಾಣತೊಡಗಿತು. 2008ರ ಆರ್ಥಿಕ ಕುಸಿತದ ಬಳಿಕ, ಬ್ಯಾಂಕುಗಳನ್ನು ಉಳಿಸಲು ಸರ್ಕಾರ ಸಾರ್ವಜನಿಕರ ಹಣ ಸುರಿಯಿತೆಂಬ ಸಿಟ್ಟಿನಿಂದ ‘ಟೀ ಪಾರ್ಟಿ’ ಎಂಬ ಚಳವಳಿ ಹುಟ್ಟಿಕೊಂಡಿತ್ತು. 1773ರಲ್ಲಿ ಬೋಸ್ಟನ್ ಬಂದರಿನಲ್ಲಿ ಬ್ರಿಟಿಷರ ಚಹಾ ಪೆಟ್ಟಿಗೆಗಳನ್ನು ಕಡಲಿಗೆಸೆದ ಪ್ರತಿಭಟನೆಯಿಂದ ಪಡೆದ ಹೆಸರದು. ಸರ್ಕಾರ ಚಿಕ್ಕದಾಗಬೇಕು, ಖರ್ಚು ಮತ್ತು ತೆರಿಗೆ ತಗ್ಗಬೇಕು, ಈ ವಿಷಯಗಳಲ್ಲಿ ಎದುರು ಪಕ್ಷದೊಡನೆ ರಾಜಿ ಕೂಡದು ಎಂಬುದು ಈ ಸಂಪ್ರದಾಯವಾದಿಗಳ ಪಟ್ಟು.

ಅವರ ಲೆಕ್ಕದಲ್ಲಿ ಲೂಗರ್ ಅವರ ತಪ್ಪುಗಳ ಪಟ್ಟಿ ಉದ್ದವಾಗಿತ್ತು. ಬ್ಯಾಂಕುಗಳಿಗೆ ನೆರವು ನೀಡುವ ಮಸೂದೆಗೆ ಅವರು ಒಪ್ಪಿಗೆಯಿತ್ತಿದ್ದರು. ಅಧ್ಯಕ್ಷ ಒಬಾಮ ಸರ್ವೋಚ್ಚ ನ್ಯಾಯಾಲಯಕ್ಕೆ ಹೆಸರಿಸಿದ ಸೋನಿಯಾ ಸೊಟೊಮಾಯರ್ ಮತ್ತು ಎಲೆನಾ ಕೇಗನ್ ಇಬ್ಬರ ಪರವಾಗಿಯೂ ಮತ ಹಾಕಿದ್ದರು. ರಷ್ಯದೊಂದಿಗಿನ ಹೊಸ ಅಣ್ವಸ್ತ್ರ ಕಡಿತ ಒಪ್ಪಂದಕ್ಕೆ 2010ರ ಡಿಸೆಂಬರಿನಲ್ಲಿ ಬೆಂಬಲ ಕ್ರೋಡೀಕರಿಸಿದ್ದರು. ಇದೆಲ್ಲಕ್ಕಿಂತ ಹೆಚ್ಚಾಗಿ, ಒಬಾಮ ಅವರು ಹೊಸ ಸೆನೆಟರ್ ಆಗಿದ್ದ ದಿನಗಳಲ್ಲಿ ಅವರನ್ನು ಜತೆಗೆ ಕರೆದುಕೊಂಡು ರಷ್ಯ ಮತ್ತು ಉಕ್ರೇನ್‌ಗಳ ಶಸ್ತ್ರಾಗಾರಗಳನ್ನು ನೋಡಿಬಂದವರು ಲೂಗರ್. 2005ರ ಆ ಪ್ರವಾಸದ ಸ್ನೇಹವು ಏಳು ವರ್ಷಗಳ ಬಳಿಕ ಅವರ ಮೇಲಿನ ಆರೋಪವಾಗಿ ಮಾರ್ಪಟ್ಟಿತು.

ಎದುರಾಳಿಯಾಗಿ ನಿಂತವರು ರಾಜ್ಯದ ಖಜಾಂಚಿ ರಿಚರ್ಡ್ ಮರ್ಡಾಕ್. ಭೂವಿಜ್ಞಾನ ಓದಿ ಕಲ್ಲಿದ್ದಲು ಉದ್ಯಮದಲ್ಲಿ ದುಡಿದಿದ್ದ ಅವರು, 2009ರಲ್ಲಿ ಕ್ರೈಸ್ಲರ್ ಕಾರು ಕಂಪನಿಯ ಪುನಾರಚನೆಯಿಂದ ಇಂಡಿಯಾನಾದ ಪಿಂಚಣಿ ನಿಧಿಗಳಿಗೆ ನಷ್ಟವಾಯಿತೆಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಸಂಪ್ರದಾಯವಾದಿಗಳ ಮೆಚ್ಚುಗೆ ಗಳಿಸಿದ್ದರು. 2011ರ ಆರಂಭದಲ್ಲಿ ಅವರು ಸ್ಪರ್ಧೆ ಘೋಷಿಸಿದಾಗಲೇ, ರಾಜ್ಯದ 92 ಕೌಂಟಿಗಳಲ್ಲಿ ಹೆಚ್ಚಿನವುಗಳ ಪಕ್ಷಾಧ್ಯಕ್ಷರು ಅವರ ಬೆನ್ನಿಗಿದ್ದರು. ‘ಕ್ಲಬ್ ಫಾರ್ ಗ್ರೋತ್’, ‘ಫ್ರೀಡಂವರ್ಕ್ಸ್’ ಮುಂತಾದ ರಾಷ್ಟ್ರೀಯ ಸಂಘಟನೆಗಳು ಹೊರಗಿನಿಂದ ಹಣ ಹರಿಸಿದ್ದು ನಿಜ. ಆದರೆ ತಳಮಟ್ಟದ ಕಾರ್ಯಕರ್ತರು ಅದಕ್ಕೆ ಮೊದಲೇ ಲೂಗರ್ ಅವರ ಕೈಬಿಟ್ಟಿದ್ದರು.

ವಿಳಾಸದ ಪ್ರಶ್ನೆ

ಸಿದ್ಧಾಂತದ ಮಾತು ಎಲ್ಲರಿಗೂ ಮುಟ್ಟುವುದಿಲ್ಲ. ಮನೆಯ ಮಾತು ಮುಟ್ಟುತ್ತದೆ. ಸೆನೆಟರ್ ಆದ ಬಳಿಕ 1977ರಲ್ಲಿ ಲೂಗರ್ ಇಂಡಿಯಾನಾಪೊಲಿಸ್‌ನ ತಮ್ಮ ಮನೆಯನ್ನು ಮಾರಿ, ಸಂಸಾರ ಸಮೇತ ವಾಷಿಂಗ್ಟನ್ ಬಳಿಯ ವರ್ಜೀನಿಯಾದಲ್ಲಿ ನೆಲೆಸಿದ್ದರು. ಆದರೆ ಮತದಾರರ ಪಟ್ಟಿಯಲ್ಲಿ ಮಾರಿದ ಮನೆಯ ವಿಳಾಸವೇ ಮುಂದುವರಿದಿತ್ತು. ರಾಜ್ಯದ ಸೇವೆಗಾಗಿ ಹೊರಗಿರುವವರು ತಮ್ಮ ವಾಸಸ್ಥಾನದ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂಬ ಕಾನೂನಿನ ಆಧಾರ ಅವರಿಗಿತ್ತು. ಆದರೂ 2012ರ ಮಾರ್ಚ್‌ನಲ್ಲಿ ಕೌಂಟಿಯ ಚುನಾವಣಾ ಮಂಡಳಿಯು, ಆ ವಿಳಾಸದಿಂದ ಮತ ಹಾಕಲು ಲೂಗರ್ ದಂಪತಿಗೆ ಅರ್ಹತೆಯಿಲ್ಲವೆಂದು 2–1ರ ಬಹುಮತದಿಂದ ತೀರ್ಮಾನಿಸಿತು. ಅವರು ಕುಟುಂಬದ ಕೃಷಿಭೂಮಿಯ ವಿಳಾಸದಲ್ಲಿ ಮತ್ತೆ ಹೆಸರು ನೋಂದಾಯಿಸಬೇಕಾಯಿತು. ಸ್ವಂತ ರಾಜ್ಯಕ್ಕೆ ಬಂದಾಗ ಹೋಟೆಲಿನಲ್ಲಿ ಉಳಿದ ವೆಚ್ಚವನ್ನು ಸರ್ಕಾರಿ ಹಣದಿಂದ ಪಡೆದಿದ್ದ ಸಂಗತಿಯೂ ಹೊರಬಂದು, ಕೆಲವು ಸಾವಿರ ಡಾಲರುಗಳನ್ನು ಹಿಂದಿರುಗಿಸಿದರು.

ನಮ್ಮಲ್ಲಿಯೂ ಇಂತಹ ಪ್ರಶ್ನೆ ಎದ್ದಿದ್ದುಂಟು. ರಾಜ್ಯಸಭೆಗೆ ಸ್ಪರ್ಧಿಸುವವರು ಆಯಾ ರಾಜ್ಯದ ಮತದಾರರೇ ಆಗಿರಬೇಕೆಂಬ ನಿಯಮವನ್ನು 2003ರ ತಿದ್ದುಪಡಿ ತೆಗೆದುಹಾಕಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಮೆರಿಕದ ಸಂವಿಧಾನದಲ್ಲಿ, ಆಯ್ಕೆಯಾಗುವ ಸಮಯಕ್ಕೆ ಸೆನೆಟರ್ ಆ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತು ಇಂದಿಗೂ ಉಳಿದಿದೆ. ಲೂಗರ್ ಅವರ ವಿಷಯದಲ್ಲಿ ಕಾನೂನಿನ ತೊಡಕಿಗಿಂತ ದೊಡ್ಡದಾಗಿದ್ದುದು ಜನರ ಮನಸ್ಸಿನಲ್ಲಿ ಉಳಿದ ಒಂದೇ ಮಾತು: ನಮ್ಮ ಸೆನೆಟರ್ ನಮ್ಮೂರಿನಲ್ಲಿಲ್ಲ.

ಮೇ ತಿಂಗಳಿಂದ ನವೆಂಬರಿಗೆ

ಫಲಿತಾಂಶ ಬಂದಾಗ ಮರ್ಡಾಕ್ ಅವರಿಗೆ ಶೇಕಡಾ 60ರಷ್ಟು ಮತಗಳು ದೊರೆತಿದ್ದವು. ಪ್ರಾಥಮಿಕ ಚುನಾವಣೆಯಲ್ಲಿ ಸೋತವರು ಅದೇ ಸ್ಥಾನಕ್ಕೆ ನವೆಂಬರಿನಲ್ಲಿ ಸ್ವತಂತ್ರವಾಗಿ ನಿಲ್ಲುವುದನ್ನು ಇಂಡಿಯಾನಾದ ಕಾನೂನು ತಡೆಯುತ್ತದೆ. ಹಾಗಾಗಿ ಲೂಗರ್ ಅವರ ದಾರಿ ಅಲ್ಲಿಗೆ ಮುಗಿಯಿತು. ಆ ರಾತ್ರಿ ಹೊರಡಿಸಿದ ಹೇಳಿಕೆಯಲ್ಲಿ ಅವರು, ಎದುರು ಪಕ್ಷದೊಡನೆ ಕೂಡಿ ಕೆಲಸ ಮಾಡುವುದನ್ನೇ ಅಪರಾಧವೆಂದು ಬಗೆದರೆ ಮರ್ಡಾಕ್ ಅವರು ಸೆನೆಟ್‌ನಲ್ಲಿ ಹೆಚ್ಚೇನನ್ನೂ ಸಾಧಿಸಲಾರರೆಂದು ಎಚ್ಚರಿಸಿದರು. ಎರಡು ಪಕ್ಷಗಳ ಸಹಮತವೆಂದರೆ ಡೆಮಾಕ್ರಟರು ರಿಪಬ್ಲಿಕನ್ ನಿಲುವಿಗೆ ಬರುವುದು ಎಂಬುದು ಮರ್ಡಾಕ್ ಅವರ ಬಹಿರಂಗ ಅಭಿಪ್ರಾಯವಾಗಿತ್ತು.

ಮುಂದಿನ ತೀರ್ಪನ್ನು ನವೆಂಬರ್ ನೀಡಿತು. ಅಕ್ಟೋಬರ್ 23ರ ಚರ್ಚಾಸಭೆಯಲ್ಲಿ ಗರ್ಭಪಾತದ ಪ್ರಶ್ನೆಗೆ ಉತ್ತರಿಸುತ್ತ ಮರ್ಡಾಕ್, ಅತ್ಯಾಚಾರದಿಂದ ಉಂಟಾದ ಗರ್ಭವೂ ದೈವಸಂಕಲ್ಪವೆಂಬ ಅರ್ಥದ ಮಾತನ್ನಾಡಿದರು. ಜೀವವು ದೇವರ ಕೊಡುಗೆಯೆಂದಷ್ಟೇ ತಾವು ಹೇಳಿದ್ದೆಂದು ಬಳಿಕ ವಿವರಿಸಿದರೂ ಆದ ಹಾನಿ ಆಗಿಹೋಗಿತ್ತು. ನವೆಂಬರ್ 6ರಂದು ಅಧ್ಯಕ್ಷ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ಮಿಟ್ ರೋಮ್ನಿ ಅವರನ್ನು ಇಂಡಿಯಾನಾ ಸುಮಾರು 10 ಶೇಕಡಾ ಅಂಕಗಳ ಅಂತರದಿಂದ ಗೆಲ್ಲಿಸಿತು. ಅದೇ ಮತಗಟ್ಟೆಗಳಲ್ಲಿ, ಅದೇ ದಿನ, ಸೆನೆಟ್ ಸ್ಥಾನ ಮಾತ್ರ ಡೆಮಾಕ್ರಟಿಕ್ ಪಕ್ಷದ ಜೋ ಡೊನೆಲಿ ಅವರ ಪಾಲಾಯಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಮೇ ತಿಂಗಳ ರಿಪಬ್ಲಿಕನ್ ಸ್ಪರ್ಧೆಯಲ್ಲಿ ಮತ ಹಾಕಿದವರು ಸುಮಾರು 6 ಲಕ್ಷ 60 ಸಾವಿರ ಮಂದಿ. ನವೆಂಬರಿನಲ್ಲಿ ಸೆನೆಟ್ ಸ್ಥಾನಕ್ಕೆ ಮತ ಹಾಕಿದವರು 25 ಲಕ್ಷಕ್ಕೂ ಹೆಚ್ಚು. ಅಂದರೆ ಲೂಗರ್ ಬೇಡವೆಂದು ಹೇಳಿದ ಸುಮಾರು 4 ಲಕ್ಷ ಜನ, ಉಳಿದ ಲಕ್ಷಾಂತರ ಮಂದಿಯ ಆಯ್ಕೆಯ ಪಟ್ಟಿಯಿಂದಲೇ ಅವರ ಹೆಸರನ್ನು ಅಳಿಸಿದ್ದರು. ಇಂಡಿಯಾನಾದಲ್ಲಿ ಮತದಾರರು ಮೊದಲೇ ಯಾವುದೇ ಪಕ್ಷದಲ್ಲಿ ಹೆಸರು ಬರೆಸಿರಬೇಕೆಂದಿಲ್ಲ. ಮತಗಟ್ಟೆಯಲ್ಲಿ ಒಂದು ಪಕ್ಷದ ಮತಪತ್ರವನ್ನು ಕೇಳಿ ಪಡೆಯುತ್ತಾರೆ. ಬಾಗಿಲು ಅಷ್ಟು ತೆರೆದಿದ್ದರೂ ಒಳಗೆ ಬಂದವರು ಕೆಲವರೇ.

ಗೆದ್ದವರೂ ಇದ್ದಾರೆ

ಇಂತಹ ಸವಾಲುಗಳ ಫಲ ಎಲ್ಲೆಡೆಯೂ ಒಂದೇ ಆಗಿರುವುದಿಲ್ಲ. ಯೂಟಾ ರಾಜ್ಯದಲ್ಲಿ 2010ರಲ್ಲಿ ಸೆನೆಟರ್ ಬಾಬ್ ಬೆನೆಟ್ ಪಕ್ಷದ ಸಮ್ಮೇಳನದಲ್ಲಿಯೇ ಹೊರಬಿದ್ದರು. ಆ ಸ್ಥಾನಕ್ಕೆ ಬಂದ ಸಂಪ್ರದಾಯವಾದಿ ಮೈಕ್ ಲೀ ನವೆಂಬರಿನಲ್ಲಿ ನಿರಾಯಾಸವಾಗಿ ಗೆದ್ದರು. ಅದನ್ನು ಕಂಡು ಎಚ್ಚೆತ್ತವರು ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಆರಿನ್ ಹ್ಯಾಚ್. ಲೂಗರ್ ಅವರಂತೆಯೇ 1977ರಲ್ಲಿ ಸೆನೆಟ್ ಪ್ರವೇಶಿಸಿದ್ದ ಹ್ಯಾಚ್, ಬಹಳ ಮುಂಚಿತವಾಗಿಯೇ ರಾಜ್ಯಕ್ಕೆ ಮರಳಿ ಪಕ್ಷದ ಪ್ರತಿನಿಧಿಗಳ ಸಂಪರ್ಕ ಬೆಳೆಸಿದರು. 2012ರ ಜೂನ್‌ನಲ್ಲಿ ಅವರು ತಮ್ಮ ಸವಾಲುಗಾರನನ್ನು ದೊಡ್ಡ ಅಂತರದಿಂದ ಸೋಲಿಸಿದರು. 2014ರಲ್ಲಿ ಮಿಸಿಸಿಪಿಯ ಥ್ಯಾಡ್ ಕಾಕ್ರನ್, ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದರೂ, ಸಾಮಾನ್ಯವಾಗಿ ಎದುರು ಪಕ್ಷಕ್ಕೆ ಮತ ಹಾಕುವ ಕರಿಯ ಮತದಾರರ ನೆರವನ್ನು ಬೇಡಿ ಎರಡನೆಯ ಸುತ್ತಿನಲ್ಲಿ ಕೂದಲೆಳೆಯಲ್ಲಿ ಗೆದ್ದುಕೊಂಡರು.

ಟಿಕೆಟ್ ಯಾರ ಕೈಯಲ್ಲಿ?

ಭಾರತದಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ಪಕ್ಷದ ವಿಪ್ ಮೀರಿ ಸದನದಲ್ಲಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಅಮೆರಿಕದಲ್ಲಿ ಆ ಭಯವಿಲ್ಲ. ಸೆನೆಟರ್ ತಮ್ಮ ವಿವೇಚನೆಯಂತೆ ಮತ ಹಾಕಬಹುದು. ಆದರೆ ಲೆಕ್ಕ ಒಪ್ಪಿಸುವ ದಿನ ಅವರಿಗೂ ತಪ್ಪಿದ್ದಲ್ಲ. ನಮ್ಮಲ್ಲಿ ವಿಪ್ ಮಾಡುವ ಕೆಲಸವನ್ನು ಅಲ್ಲಿ ಪ್ರಾಥಮಿಕ ಚುನಾವಣೆ ಮಾಡುತ್ತದೆ. ಟಿಕೆಟ್ ವರಿಷ್ಠರ ಕೈಯಲ್ಲಿದ್ದರೆ ಪ್ರತಿನಿಧಿ ವರಿಷ್ಠರ ಮುಖ ನೋಡುತ್ತಾನೆ. ಮೇ ತಿಂಗಳಲ್ಲಿ ಮತಗಟ್ಟೆಗೆ ಬರುವ ಕೆಲವೇ ಉತ್ಸಾಹಿಗಳ ಕೈಯಲ್ಲಿದ್ದರೆ ಅವರ ಮುಖ ನೋಡುತ್ತಾನೆ. ಎರಡರಲ್ಲಿಯೂ ಉಳಿದ ಮತದಾರರು ಕೊನೆಗೆ ಎಣಿಕೆಗೆ ಬರುತ್ತಾರೆ.

ಲೂಗರ್ ಅವರ ಸೋಲಿನಲ್ಲಿ ಎರಡು ಸತ್ಯಗಳು ಒಟ್ಟಿಗೇ ಇವೆ. ಜಗತ್ತಿಗೆ ಎಷ್ಟೇ ಒಳಿತು ಮಾಡಿದ ಪ್ರತಿನಿಧಿಯಾದರೂ, ಕಳುಹಿಸಿದ ಊರಿಗೆ ತಾನು ಅಲ್ಲೇಕಿದ್ದೇನೆಂದು ಆಗಾಗ ಬಂದು ಹೇಳಬೇಕು. ಅದನ್ನು ಕೇಳುವ ಹಕ್ಕು ಇಂಡಿಯಾನಾದ ಜನರಿಗಿತ್ತು. ಹಾಗೆಯೇ, ಎದುರು ಪಕ್ಷದವರ ಕೈಕುಲುಕಿದ್ದೇ ಅಪರಾಧವೆಂದು ಶಿಕ್ಷಿಸಿದ ಪಕ್ಷ, ಭದ್ರವಾಗಿದ್ದ ತನ್ನ ಸ್ಥಾನವನ್ನು ಆರೇ ತಿಂಗಳಲ್ಲಿ ಎದುರು ಪಕ್ಷಕ್ಕೆ ಒಪ್ಪಿಸಿತು. ಅದನ್ನು ಮರಳಿ ಪಡೆಯಲು 2018ರವರೆಗೆ ಕಾಯಬೇಕಾಯಿತು.

ನಿವೃತ್ತಿಯ ಬಳಿಕ ಲೂಗರ್ ಅವರು ತಮ್ಮ ಹೆಸರಿನ ಕೇಂದ್ರವೊಂದನ್ನು ಸ್ಥಾಪಿಸಿದರು. ಯಾವ ಸೆನೆಟರ್ ಎದುರು ಪಕ್ಷದವರೊಡನೆ ಎಷ್ಟು ಮಸೂದೆಗಳಿಗೆ ಕೈಜೋಡಿಸಿದರೆಂದು ಅಳೆದು ಸೂಚ್ಯಂಕ ಪ್ರಕಟಿಸುವುದು ಆ ಕೇಂದ್ರದ ಕೆಲಸಗಳಲ್ಲೊಂದು. 2013ರಲ್ಲಿ ಅಧ್ಯಕ್ಷ ಒಬಾಮ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವನ್ನು ನೀಡಿದರು. 2019ರ ಏಪ್ರಿಲ್ 28ರಂದು, 87ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಅವರನ್ನು ಸೋಲಿಸಿದ ಆರೋಪವನ್ನೇ ಅವರು ಕೊನೆಯವರೆಗೂ ತಮ್ಮ ಕಾಯಕವೆಂದು ನಡೆಸಿಕೊಂಡು ಹೋದರು.