ಮೈಗೆ ಒಗ್ಗುವ ಬೈಕು

ಅರ್ಧ ಗಂಟೆ ಬೈಕ್ ಓಡಿಸಿದ ಮೇಲೆ ಕೈ ಜೋಮು ಹಿಡಿಯುತ್ತದೆ ಎನ್ನುವವರು ಯಾವ ಬೆರಳು ಎಂದು ಮೊದಲು ಗಮನಿಸಬೇಕು. ಕಿರುಬೆರಳು ಮತ್ತು ಉಂಗುರಬೆರಳಾದರೆ ಬಹುಪಾಲು ಅಲ್ನಾರ್ ನರದ ತೊಂದರೆ. ಅಂಗೈಯ ಹೊರ ಅಂಚಿನ ಬುಡದಲ್ಲಿ ಹಾದುಹೋಗುವ ಈ ನರ, ಹ್ಯಾಂಡಲ್ ಮೇಲೆ ಮೈಭಾರ ಊರಿದಾಗ ಒತ್ತಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮೀಡಿಯನ್ ನರ. ಅದು ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಸಾಗುತ್ತದೆ. ಮಣಿಕಟ್ಟು ನೇರವಾಗಿದ್ದಾಗ ಆ ಸುರಂಗದೊಳಗಿನ ಒತ್ತಡ ಕಡಿಮೆ, ಮೇಲಕ್ಕೆ ಮಡಚಿದಷ್ಟೂ ಹೆಚ್ಚು.

ಈ ಎರಡನೆಯದಕ್ಕೆ ಮೊದಲ ಪರಿಹಾರ ಖರ್ಚಿಲ್ಲದ್ದು. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಹಿಡಿದಿರುವ ಬೋಲ್ಟು ಸಡಿಲಿಸಿ, ಸೀಟಿನ ಮೇಲೆ ಎಂದಿನಂತೆ ಕೂತು, ಮುಂಗೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವಂತೆ ಲಿವರ್ ತಿರುಗಿಸಿ ಬಿಗಿ ಮಾಡಿಸಬೇಕು. ಎಷ್ಟೋ ಬೈಕುಗಳಲ್ಲಿ ಲಿವರ್ ಶೋರೂಮಿನಿಂದ ಬಂದ ಕೋನದಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತದೆ. ಸಂಧಿವಾತವಿದ್ದವರಿಗೆ ತುಸು ದಪ್ಪನೆಯ ಗ್ರಿಪ್ ಅನುಕೂಲ. ಬೆರಳ ಗಿಣ್ಣುಗಳನ್ನು ಪೂರ್ತಿ ಮಡಚುವ ಕಷ್ಟ ತಪ್ಪುತ್ತದೆ. ಒಣಗಿದ ಕ್ಲಚ್ ಕೇಬಲ್ಲಿಗೆ ಎಣ್ಣೆ ಬಿಟ್ಟರೂ ಎಡಗೈ ಎಷ್ಟೋ ಹಗುರವಾಗುತ್ತದೆ.

ನಮ್ಮ ಮೈಗೂ ಬೈಕಿಗೂ ಇರುವ ಸಂಬಂಧ ಮೂರು ಕಡೆ: ಹ್ಯಾಂಡಲ್, ಸೀಟು, ಫುಟ್‌ರೆಸ್ಟ್. ಒಂದನ್ನು ಕದಲಿಸಿದರೆ ಉಳಿದೆರಡರ ಮೇಲಿನ ಭಾರವೂ ಬದಲಾಗುತ್ತದೆ. ಆದ್ದರಿಂದ ನೋವು ಇರುವ ಜಾಗವೇ ಒಂದು, ಅದರ ಮೂಲವೇ ಇನ್ನೊಂದು ಆಗಿರಬಹುದು. ಮುಂದಕ್ಕೆ ಇಳಿಜಾರಾದ ಸೀಟು ಸವಾರನನ್ನು ಟ್ಯಾಂಕಿನತ್ತ ಜಾರಿಸುತ್ತದೆ, ಅವನು ಕೈಯೂರಿ ತಡೆದುಕೊಳ್ಳುತ್ತಾನೆ, ಜೋಮು ಹಿಡಿಯುವುದು ಬೆರಳಿಗೆ. ಇಲ್ಲಿ ಗ್ಲೌಸ್ ಬದಲಿಸಿ ಫಲವಿಲ್ಲ, ಸೀಟನ್ನು ಸರಿಮಾಡಿಸಬೇಕು.

ಮಂಡಿಯ ವಿಷಯದಲ್ಲಿ ಈ ಹೊಂದಾಣಿಕೆ ಇನ್ನೂ ಸೂಕ್ಷ್ಮ. ಮಂಡಿ ಮಡಚಿದಷ್ಟೂ ಅದರ ಚಿಪ್ಪು ತೊಡೆಮೂಳೆಯ ಮೇಲೆ ಹೆಚ್ಚು ಒತ್ತುತ್ತದೆ. ಮಂಡಿ ಸವೆದವರಿಗೆ ಸೀಟಿಗೂ ಫುಟ್‌ರೆಸ್ಟಿಗೂ ಅಂತರ ಜಾಸ್ತಿ ಇರಬೇಕು, ಅಂದರೆ ಸೀಟು ಎತ್ತರಿಸಬೇಕು. ಆದರೆ ಕುಳ್ಳಗಿರುವವರು ಕಾಲು ನೆಲಕ್ಕೆ ಎಟುಕಲೆಂದು ಸ್ಪಂಜು ಕೊರೆಸಿ ಸೀಟು ತಗ್ಗಿಸುತ್ತಾರೆ, ಮಂಡಿ ಇನ್ನಷ್ಟು ಮಡಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಸರಿಯಾದ ದಾರಿಯೆಂದರೆ ಸೀಟಿನ ಎತ್ತರ ಹಾಗೇ ಬಿಟ್ಟು, ಮುಂಭಾಗದ ಎರಡೂ ಬದಿಯ ಅಂಚುಗಳನ್ನು ಮಾತ್ರ ಕೊರೆಸುವುದು. ತೊಡೆಗಳು ಅಗಲವಾಗದೆ ಕಾಲು ನೇರ ಕೆಳಗಿಳಿಯುತ್ತದೆ, ಸೀಟು ತಗ್ಗಿಸದೆಯೇ ನೆಲ ಹತ್ತಿರವಾಗುತ್ತದೆ. ಫುಟ್‌ರೆಸ್ಟನ್ನು ತೀರಾ ಮುಂದಕ್ಕೆ ಹಾಕಿಸಿದರೂ ಮಂಡಿಗೆ ಹಿತ, ಆದರೆ ಆಗ ಭಾರವೆಲ್ಲ ಬಾಲಮೂಳೆಗೆ. ಹಂಪ್ ಬಂದಾಗ ಕಾಲೂರಿ ಮೈಯನ್ನು ಚೂರು ಎತ್ತಲೂ ಆಗುವುದಿಲ್ಲ.

ಬೆನ್ನಿಗೆ ಆ ಚೂರು ಎತ್ತುವಿಕೆ ದೊಡ್ಡ ರಕ್ಷಣೆ. ಕೂರುವ ಭಂಗಿಯೂ ಅಷ್ಟೇ ಮುಖ್ಯ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಬೆನ್ನಿನ ಡಿಸ್ಕಿಗೇ ಸೂಜಿ ಇಳಿಸಿ ಒತ್ತಡ ಅಳೆದರು. ನೆಟ್ಟಗೆ ನಿಂತಾಗ ಇರುವುದಕ್ಕಿಂತ, ಕೂತು ಮುಂದಕ್ಕೆ ಬಾಗಿದಾಗ ಒತ್ತಡ ಬಹಳ ಹೆಚ್ಚು ಎಂಬುದು ಹೀಗೆ ತಿಳಿಯಿತು. ಡಿಸ್ಕ್ ತೊಂದರೆ ಇರುವವರಿಗೆ ಹ್ಯಾಂಡಲ್ಲನ್ನು ಎತ್ತರಿಸಿ ಹಿಂದಕ್ಕೆ ತರುವ ರೈಸರ್ ಉಪಕಾರಿಯಾಗುವುದು ಇದರಿಂದಲೇ. ರೈಸರ್ ಹಾಕಿಸಿದ ಮೇಲೆ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಯಾವ ಕೇಬಲ್ಲೂ ಬ್ರೇಕ್ ಪೈಪೂ ಎಳೆದುಕೊಳ್ಳುತ್ತಿಲ್ಲವೆಂದು ನೋಡಲೇಬೇಕು. ಆಕ್ಸಿಲರೇಟರ್ ಕೇಬಲ್ ಎಳೆದುಕೊಂಡರೆ ತಿರುವಿನಲ್ಲಿ ಬೈಕು ತಾನಾಗಿ ವೇಗ ಹೆಚ್ಚಿಸಿಕೊಂಡೀತು.

ಕುಲುಕಾಟದ ಲೆಕ್ಕವೂ ಇದೆ. ಕೂತ ಮನುಷ್ಯನ ಮುಂಡ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿಯ ಮೇಲೆ-ಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ. ಹದಗೆಟ್ಟ ರಸ್ತೆ ಕೊಡುವ ಪೆಟ್ಟಿನಲ್ಲಿ ಇಂಥ ಅಲುಗಾಟ ಧಾರಾಳವಾಗಿರುತ್ತದೆ. ಹಿಂದೆ ಇಬ್ಬರನ್ನು ಕೂರಿಸಿಕೊಂಡ ದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಿಸಿ ಹಾಗೇ ಬಿಟ್ಟವರ ಬೆನ್ನಿಗೆ ದಿನವೂ ಅದೇ ಏಟು. ಒಬ್ಬರೇ ಓಡಾಡುವುದಾದರೆ ಒಂದೆರಡು ಹಂತ ಸಡಿಲಿಸಬೇಕು.

ಪಾದದ ಕೀಲು ಬಿಗಿದವರಿಗೆ ಭಾರತದ ಬೈಕುಗಳಲ್ಲಿ ಸಾಮಾನ್ಯವಾಗಿರುವ ಎರಡು ತುದಿಯ ಗೇರ್ ಪೆಡಲ್ ವರವೇ ಸರಿ. ಬೆರಳಿನಿಂದ ಎತ್ತುವ ಬದಲು ಹಿಮ್ಮಡಿಯಿಂದ ತುಳಿದು ಗೇರು ಬದಲಿಸಬಹುದು. ಸ್ಟೈಲಿಗಾಗಿ ಅದನ್ನು ಕಿತ್ತುಹಾಕಿಸುವುದು ನನಗೆ ಸರಿಕಾಣುವುದಿಲ್ಲ.

ಸೊಂಟದ ಕೀಲು ಸವೆದು ಕಾಲು ಎತ್ತಿ ಹಾಕುವುದೇ ಕಷ್ಟವಾದರೆ ಬೈಕಿಗಿಂತ ಸ್ಕೂಟರ್ ಮೇಲು. ಎರಡೂ ಕಾಲಿಗೆ ಬಲವಿಲ್ಲದವರು ಪಕ್ಕಚಕ್ರ ಹಾಕಿಸುವುದುಂಟು. ಅಂಗವಿಕಲರಿಗಾಗಿ ಹೀಗೆ ಮಾರ್ಪಡಿಸಿದ ವಾಹನಕ್ಕೆ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಅವಕಾಶವಿದೆ. ಕೆಲಸ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಬದಲಾವಣೆಯನ್ನು ಆರ್‌ಸಿಯಲ್ಲಿ ನಮೂದು ಮಾಡಿಸಿಕೊಳ್ಳಬೇಕು.